ವಾಸನೆ ಬಾರದ ಬಂಗುಡೆ

ನಮ್ಮ ಮಹಾರಾಣಿ ಇದಾಳಲ್ಲ, ನನ್ನ ಮೈದುನನ ಹೆಂಡತಿ, ಅವಳೂ ನಾನೂ ಮಾತು ಬಿಟ್ಟು ವರ್ಷಗಳೇ ಆದವು. ಮಾತು ಬಿಟ್ಟಿದೀವಿ ಅಂದ್ರೆ ಬಾಯಿ ಮುಚ್ಚಿಕೊಂಡಿದೀವಿ ಅಂತಲ್ಲ. ಮೀನಿಗೆ ಉಪ್ಪು ಹಾಕೋ ಶೆಡ್ಡು ಒಂದೇ, ನಡುವೆ ಸೊಂಟದೆತ್ತರದ ಗೋಡೆ. ಆ ಕಡೆ ಅವಳು ಪೀಪಾಯಿಗೆ ಹೇಳ್ತಾಳೆ, ಈ ಕಡೆ ನಾನು ಬೆಕ್ಕಿಗೆ ಹೇಳ್ತೀನಿ. "ಕೆಲವರಿಗೆ ನಾಚಿಕೆ ಅನ್ನೋದೇ ಇಲ್ಲ ಕಣೇ" ಅಂತ ಬೆಕ್ಕಿಗೆ ಅಂದ್ರೆ ಅದು ತಾಗಬೇಕಾದ ಕಡೆ ತಾಗುತ್ತೆ. ನಮ್ಮ ಗಂಡಂದಿರು ಮಾತ್ರ ಒಂದೇ ದೋಣಿಯಲ್ಲಿ ಹೋಗ್ತಾರೆ, ಒಂದೇ ಲೋಟದಲ್ಲಿ ಚಾ ಕುಡೀತಾರೆ. ಗಂಡಸರಿಗೆ ರೋಷ ಅನ್ನೋದು ಇದ್ದರೆ ತಾನೇ!

ಕಾರಣ ಕೇಳಿ. ನನ್ನ ಕೈಯ ಮೀನಿಗೆ ಹುಳ ಬೀಳುತ್ತೆ ಅಂತ ಮಾರ್ಕೆಟ್ಟಿನಲ್ಲಿ ನನ್ನ ಗಿರಾಕಿ ಎದುರೇ ಅಂದಳು. ನನ್ನ ಕೈಯ ಮೀನಿಗೆ! ಬೆನ್ನು ಸೀಳಿ, ಕಿವಿರು ಕಿತ್ತು, ಬೆನ್ನುಮೂಳೆಗೆ ಅಂಟಿದ ರಕ್ತವನ್ನ ಉಗುರಲ್ಲಿ ಕೆರೆದು ತೆಗೆದ ಮೇಲೇ ಉಪ್ಪು ಮುಟ್ಟೋಳು ನಾನು. ಅವಳೋ ಕರುಳು ಅರ್ಧ ಒಳಗೇ ಬಿಟ್ಟು ಉಪ್ಪು ಸುರೀತಾಳೆ. ಉಪ್ಪು ಬಿದ್ದ ಮೇಲೆ ಯಾವ ಕೇಡೂ ಉಳಿಯಲ್ಲ ಅನ್ನೋದು ಅವಳ ತಲೆಯಲ್ಲಿ ಕೂತುಬಿಟ್ಟಿದೆ.

ನಮ್ಮಿಬ್ಬರ ನಡುವೆ ಉಳಿದಿರೋದು ಒಂದೇ ಜೀವ, ಅವಳ ಮಗಳು ಗುಬ್ಬಿ. ಹುಟ್ಟಿದಾಗಿಂದ ಉಬ್ಬಸ ಅದಕ್ಕೆ. ಹೆತ್ತವಳು ಹಾಸಿಗೆ ಹಿಡಿದಾಗ ಆ ಮಗುವನ್ನ ಎದೆ ಮೇಲೆ ಮಲಗಿಸಿಕೊಂಡು ರಾತ್ರಿಯೆಲ್ಲ ಉಸಿರು ನೋಡ್ತಾ ಕೂತವಳು ನಾನು. ಈಗ ಗುಬ್ಬಿ ದೂರದ ಊರಲ್ಲಿ ಕೆಲಸದಲ್ಲಿದಾಳೆ. ಬಂದರೆ ಮೊದಲು "ದೊಡ್ಡಮ್ಮಾ" ಅಂತ ಗೋಡೆ ಮೇಲೆ ಕೈಯೂರಿ ನಿಲ್ತಾಳೆ. ಅವಳಿಗೇನಾದ್ರೂ ಆದ್ರೆ ನಾನು ಬದುಕಲ್ಲ.

ಈಗ ಬಂಗುಡೆ ವಿಷಯಕ್ಕೆ ಬರ್ತೀನಿ. ಅದು ನಿಲ್ಲೋದೇ ಗೊತ್ತಿಲ್ಲದ ಮೀನು. ಬಾಯಿ ತೆರಕೊಂಡು ಈಜ್ತಾನೇ ಇರಬೇಕು, ನಿಂತರೆ ಅದಕ್ಕೆ ಉಸಿರಿಲ್ಲ. ಹಾಗೆ ಈಜೀ ಈಜೀ ಪಕ್ಕೆ ಮಾಂಸ ಕೆಂಪಾಗಿರುತ್ತೆ. ಸತ್ತ ಮೇಲೆ ಬಿಸಿಲಿಗೆ ಬಿತ್ತೋ, ಕಿವಿರಿನಲ್ಲಿ ಕರುಳಲ್ಲಿ ಇರೋ ಕ್ರಿಮಿ ಆ ಮಾಂಸಕ್ಕೆ ಇಳಿದು ವಿಷ ಮಾಡ್ತವೆ. ನಾತ ಬರಲ್ಲ, ಬಣ್ಣ ಕೆಡಲ್ಲ. ಕೂಡಲೇ ಉಪ್ಪು ಹಾಕಿದ್ರೆ ವಿಷ ಹುಟ್ಟಲ್ಲ. ಹುಟ್ಟಿದ ಮೇಲೆ ಉಪ್ಪಿಗೂ ಬಗ್ಗಲ್ಲ, ಬೆಂಕಿಗೂ ಬಗ್ಗಲ್ಲ. ನಮ್ಮಪ್ಪ ಅಂಥದ್ದನ್ನ ತಿಂದು ಮೈಯೆಲ್ಲ ಕೆಂಪಾಗಿ ಬಿದ್ದಿದ್ದನ್ನ ಕಣ್ಣಾರೆ ನೋಡಿದೀನಿ.

ಹೋದ ತಿಂಗಳು ಮಹಾರಾಣಿಯ ಮೂರು ಪೆಟ್ಟಿಗೆ ಬಂಗುಡೆ ಮಂಜುಗಡ್ಡೆ ಕರಗಿ ಅಂಗಳದಲ್ಲಿ ಬಿದ್ದಿತ್ತು. ತೊಳೆಯೋ ನಲ್ಲಿ ನನ್ನ ಕಡೆ ಇದೆ. "ಅಕ್ಕಾ, ನಲ್ಲಿ ಬಿಡು" ಅಂತ ಒಂದು ಮಾತು ಅಂದಿದ್ರೆ ಬಿಡ್ತಿದ್ದೆ. ಅವಳು ಕೇಳಲಿಲ್ಲ. ಕೇಳದೆ ನಾನ್ಯಾಕೆ ಬಿಡಲಿ? ಹೊತ್ತು ಇಳಿಯೋವರೆಗೂ ಮೀನು ಬಿಸಿಲಲ್ಲಿ ಬೆಂದು, ಆಮೇಲೆ ಪೀಪಾಯಿ ಸೇರಿತು.

ಮೊನ್ನೆ ಗುಬ್ಬಿ ಬಂದಳು. ಶೆಡ್ಡಿನ ಹಿಂದಿನ ಮೂಲೆಯಲ್ಲೇ ಅವರ ಒಲೆ. ಮಧ್ಯಾಹ್ನ ಬಾಣಲೆ ಚುಯ್ ಅಂತು. ಬಗ್ಗಿ ನೋಡಿದ್ರೆ ಮುಚ್ಚಳ ತೆಗೆದಿರೋದು ಅದೇ ಪೀಪಾಯಿ!

"ಬೆಕ್ಕೇ, ಬಿಸಿಲಿಗೆ ಬಿದ್ದ ಮೀನನ್ನ ಉಬ್ಬಸದವರಿಗೆ ಹಾಕಬಾರದು ಅಂತ ಯಾರಿಗಾದ್ರೂ ಬುದ್ಧಿ ಇದ್ಯಾ?" ಅಂದೆ.

"ಪೀಪಾಯಿ, ಹೊಟ್ಟೆಕಿಚ್ಚು ಹೇಗೆ ಹೊಗೆಯಾಡ್ತಿದೆ ನೋಡು" ಅಂತ ಆ ಕಡೆಯಿಂದ.

ಹಾಳಾಗಿ ಹೋಗಲಿ ಅಂತ ಗೋಡೆ ಹತ್ತಿ ಧುಮುಕಿದೆ. ಮೊಣಕಾಲು ಕಟ್ ಅಂತು. ಅವಳ ಎದುರೇ ಹೋಗಿ ನಿಂತೆ.

"ನಿನಗೇ ಹೇಳ್ತಿರೋದು. ಅದನ್ನ ಗುಬ್ಬಿಗೆ ಕೊಡಬೇಡ. ವಿಷ ಅದು."

"ಇಷ್ಟು ವರ್ಷ ಆದಮೇಲೆ ಬಾಯಿ ಬಿಟ್ಟಿದ್ದು ಇದಕ್ಕಾ?" ಹುರಿದ ತುಂಡನ್ನ ನನ್ನ ಮೂಗಿಗೆ ಹಿಡಿದಳು. "ಮೂಸು. ಎಲ್ಲಿದೆ ನಾತ? ಮಗಳ ಮುಂದೆ ನನ್ನ ಮಾನ ಕಳೀಬೇಕು, ಅಷ್ಟೇ ತಾನೇ ನಿನಗೆ?"

"ಅಮ್ಮಾ, ದೊಡ್ಡಮ್ಮಾ, ಒಂದು ನಿಮಿಷ..." ಅಂದಳು ಬಾಗಿಲಲ್ಲಿ ನಿಂತಿದ್ದ ಗುಬ್ಬಿ.

"ನೀನು ಸುಮ್ಮನಿರೇ!" ಅಂದ್ವಿ ಇಬ್ಬರೂ ಒಟ್ಟಿಗೆ.

ನಾನು ಹುರಿದ ಮೀನಿನ ತಟ್ಟೆ ಕಿತ್ತುಕೊಂಡು ನೆಲದ ಮೇಲೆ ಕೂತೆ. "ನಾನು ತಿಂತೀನಿ. ನನ್ನ ಮುಖ ನೋಡ್ತಾ ಇರು." ಮೊದಲ ತುತ್ತಿಗೇ ನಾಲಿಗೆ ಮೆಣಸು ಕಚ್ಚಿದ ಹಾಗೆ ಚುರುಚುರು ಅಂತು. ಬಿಡದೆ ಎರಡು ಮೀನು ತಿಂದೆ. ಅವಳು ಎದುರು ಕೂತು, ಕೈ ಕಟ್ಟಿಕೊಂಡು, "ಎಂಥಾ ನಾಟಕ" ಅಂತ ಮೂತಿ ತಿರುವಿದಳು. ನಾನೂ ಅವಳನ್ನೇ ದುರುಗುಟ್ಟಿಕೊಂಡು ಕೂತೆ. ಕಣ್ಣು ಕೀಳಲಿಲ್ಲ ಇಬ್ಬರೂ. ಸ್ವಲ್ಪ ಹೊತ್ತಿಗೆ ಕಿವಿ ಕಾದವು, ಕೆನ್ನೆ ಉರಿಯಿತು, ತಲೆ ಧಿಮ್ ಧಿಮ್ ಅನ್ನೋಕೆ ಶುರುವಾಯ್ತು. ಮಹಾರಾಣಿಯ ಕಟ್ಟಿದ ಕೈ ಸಡಿಲವಾಯ್ತು.

"ಕೆಂಪಾಗ್ತಿದೆ..." ಅಂದಳು.

ಸುಳ್ಳು ಯಾಕೆ ಹೇಳಲಿ, ಹಾಲು ಕುಡಿದಷ್ಟು ಖುಷಿಯಾಯ್ತು ನನಗೆ. "ಈಗ ಬೊಗಳು! ಯಾರ ಕೈಯ ಮೀನು ಕೆಟ್ಟದ್ದು?"

ಅಷ್ಟರಲ್ಲಿ ಹಿಂದೆ ಸೀಟಿ ಹೊಡೆದ ಹಾಗೆ ಸದ್ದು ಕೇಳಿಸಿತು. ಗುಬ್ಬಿ ಬಾಗಿಲ ಚೌಕಟ್ಟು ಹಿಡಿದು ಬಗ್ಗಿದ್ದಳು. ಕತ್ತು, ಎದೆ, ತೋಳು ಎಲ್ಲಾ ಕೆಂಪು ಕೆಂಪು. ಕೈಯಲ್ಲಿ ಉಬ್ಬಸದ ಪಂಪು ಹಿಡಿದು ಒತ್ತುತ್ತಿದಾಳೆ, ಉಸಿರು ಒಳಗೆ ಹೋಗ್ತಿಲ್ಲ. ನಾನು ಗೋಡೆ ಹಾರೋ ಮೊದಲೇ ಒಲೆ ಹತ್ತಿರ ನಿಂತು ಬಾಣಲೆಯಿಂದಲೇ ಎರಡು ತಿಂದಿದ್ದಳಂತೆ. ಅದನ್ನೇ ಹೇಳೋಕೆ ಬಂದಿತ್ತು ಮಗು. ನಾವು ನನ್ನ ಮುಖ ಕೆಂಪಾಗೋದನ್ನ ಕಾಯ್ತಾ ಕೂತಿದ್ವಿ.

ಹೊತ್ತುಕೊಂಡು ಓಡಿದ್ವಿ. ದಾರಿಯುದ್ದಕ್ಕೂ "ನಿನ್ನಿಂದಲೇ", "ನಿನ್ನಿಂದಲೇ" ಅಂತ ಒಬ್ಬರಿಗೊಬ್ಬರು ಕಿರುಚಿಕೊಂಡ್ವಿ.

ಆಸ್ಪತ್ರೆಯಲ್ಲಿ ಸೂಜಿ ಕೊಟ್ಟು ಮೂಗಿಗೆ ಗಾಳಿ ಹಾಕಿದರು. ನನ್ನ ಕೈಗೂ ಒಂದು ಚುಚ್ಚಿದರು. ಗುಬ್ಬಿಯ ಉಸಿರು ಹತೋಟಿಗೆ ಬರ್ತಿದ್ದ ಹಾಗೆ ನರ್ಸಮ್ಮ, "ಒಳಗೆ ಒಬ್ಬರೇ ಇರಬೇಕು. ಯಾರು ಇರ್ತೀರಿ?" ಅಂತ ಕೇಳಿದರು.

"ನಾನು ಹೆತ್ತವಳು" ಅಂದಳು ಮಹಾರಾಣಿ.

"ನಾನು ಸಾಕಿದವಳು" ಅಂದೆ ನಾನು.

ಗುಬ್ಬಿ ಕಣ್ಣು ಬಿಟ್ಟಳು. ಮುಖದ ಮೇಲಿನ ಗಾಳಿ ಬಟ್ಟಲನ್ನ ಪಕ್ಕಕ್ಕೆ ಸರಿಸಿ, ನಮ್ಮನ್ನ ನೋಡದೇ, ನರ್ಸಮ್ಮನಿಗೆ ಹೇಳಿದಳು: "ಇಬ್ಬರೂ ಬೇಡ. ಹೊರಗೆ ಕಳಿಸಿ."

ಹೊರಗೆ ಬಂದ್ವಿ. ಅಲ್ಲಿ ಒಂದೇ ಬೆಂಚಿತ್ತು. ಅವಳು ಕೂತಳು, ನಾನು ನಿಂತೆ.