ಸಾಹೇಬರು ಕೂತರು

"ಕೂತ್ಕೋ," ಎಂದು ದರ್ಜಿ ಐದನೇ ಸಲ ಹೇಳಿದ.

ಸಾಹೇಬರು ನಿಂತೇ ಇದ್ದರು. ದರ್ಜಿಯ ಎಡಗಾಲಿನ ಬೂಟಿನ ಲೇಸನ್ನು ಬಿಚ್ಚಿ, ಅದರ ತುದಿಯನ್ನು ಬಾಯಲ್ಲಿಟ್ಟುಕೊಂಡು, ಅಂಗಳದ ಆಚೆ ಹಾರುತ್ತಿದ್ದ ಚಿಟ್ಟೆಯನ್ನು ಗಂಭೀರವಾಗಿ ನೋಡುತ್ತಿದ್ದರು.

"ಇವನಿಗೆ ಕಿವಿ ಕೇಳತ್ತಾ?" ಎಂದಳು ದರ್ಜಿಯ ಹೆಂಡತಿ.

"ಬಿಸ್ಕತ್ತಿನ ಪೊಟ್ಟಣ ಬಿಚ್ಚಿ ನೋಡಿ. ಎರಡು ಬೀದಿ ಆಚೆ ಇದ್ರೂ ಕೇಳತ್ತೆ," ಎಂದಳು ನಾಯಿಗೂಡು ತೊಳೆಯುತ್ತಿದ್ದ ಕೆಲಸದ ದೊಡ್ಡಮ್ಮ, ಕೈಯಲ್ಲಿನ ಪೈಪು ಕೆಳಗಿಡದೆ. ನಾಯಿಗೆ ಸಾಹೇಬರು ಎಂಬ ಹೆಸರು ಇಟ್ಟವಳು ಅವಳೇ. ಈ ನಾಯಿಗಳ ಆಶ್ರಯಕೇಂದ್ರಕ್ಕೆ ಬಂದ ಮೊದಲ ದಿನವೇ ಅದು ಆಫೀಸಿನ ಕುರ್ಚಿ ಹತ್ತಿ, ಇಳಿಸಲು ಬಂದವರನ್ನೆಲ್ಲ ಗುರುಗುಟ್ಟಿ ಹೊರಗೆ ಕಳಿಸಿತ್ತು. ಅಂದಿನಿಂದ ಎಲ್ಲರ ಬಾಯಲ್ಲೂ ಅದು ಸಾಹೇಬರೇ.

ಹತ್ತು ಹೆಜ್ಜೆ ದೂರದಲ್ಲಿ, ಗೇಟಿನ ಪಕ್ಕ, ಟೀಚರ್ ಕೈಕಟ್ಟಿ ನಿಂತಿದ್ದಳು. ನಾಯಿಗಳಿಗೆ ಕಲಿಸುವವಳಾದ್ದರಿಂದ ಅವಳನ್ನು ಅಲ್ಲಿ ಹಾಗೆ ಕರೆಯುತ್ತಿದ್ದರು. ದತ್ತು ಕೇಳಿಕೊಂಡು ಬಂದವರ ಎದುರು ಕಲಿಸಿದವರು ಬಾಯಿ ಬಿಡಬಾರದು, ಹತ್ತಿರ ಬರಬಾರದು. ನಾಯಿ ಹೊಸಬರ ಮಾತು ಕೇಳುತ್ತದೋ ಇಲ್ಲವೋ ಗೊತ್ತಾಗಬೇಕು ಎನ್ನುವುದು ಕೇಂದ್ರ ನಡೆಸುವ ಮೇಡಂ ಮಾಡಿದ ನಿಯಮ. ಒಳ್ಳೆಯ ನಿಯಮವೇ.

ಸಾಹೇಬರನ್ನು ಈಗಾಗಲೇ ಮೂರು ಮನೆಯವರು ಕರೆದುಕೊಂಡು ಹೋಗಿ ಮರಳಿಸಿದ್ದರು. ಮೊದಲ ಮನೆಯಲ್ಲಿ ಸಾಹೇಬರು ಸೋಫಾದ ಹೊಟ್ಟೆ ಬಗೆದಿದ್ದರು. ಎರಡನೆಯ ಮನೆಯಲ್ಲಿ ನೆಂಟರ ಮೇಲೆ ಹಾರಿ ಪ್ರೀತಿ ತೋರಿಸಿದ್ದರು. ನೆಂಟರು ಕನ್ನಡಕದ ಗಾಜನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಹೋದರು. ಮೂರನೆಯ ಮನೆಯಲ್ಲಿ ಬಾಗಿಲ ಚಿಲಕ ತೆಗೆಯಲು ತಾವೇ ಕಲಿತು, ಪಕ್ಕದ ಮನೆಯ ಒಣಗಿದ ಬಟ್ಟೆಗಳನ್ನು ಒಂದೊಂದಾಗಿ ಒಳಗೆ ತಂದು ಹಾಕಿದ್ದರು. ನಾಲ್ಕನೇ ಸಲ ವಾಪಸು ಬಂದ ನಾಯಿಗೆ ಹಿಂದಿನ ಸಾಲು. ಹಿಂದಿನ ಸಾಲೆಂದರೆ ಉಗ್ರಾಣದ ಆಚೆಯ ಆರು ಗೂಡುಗಳು. ಅಲ್ಲಿ ಊಟಕ್ಕೆ, ನೀರಿಗೆ ಕೊರತೆಯಿಲ್ಲ. ನೋಡಲು ಬಂದವರನ್ನು ಆ ಕಡೆ ಕರೆದೊಯ್ಯುವುದಿಲ್ಲ, ಅಷ್ಟೆ.

ಅದಕ್ಕೇ ಟೀಚರ್ ಮೂರು ತಿಂಗಳು ಬೆನ್ನುಬಿದ್ದು ಕಲಿಸಿದ್ದಳು. ಅವಳ ಎದುರು ಸಾಹೇಬರು ಒಂದು ದಿನವೂ ತಪ್ಪದೆ ಕೂತಿದ್ದರು. ಇವತ್ತು ಏನಾಯಿತು? ಬಿಸಿಲೇ? ಬೂಟೇ? ಅಥವಾ ತನ್ನ ಸೊಂಟದ ಚೀಲದಲ್ಲಿ ಬಿಸ್ಕತ್ತು ಇಲ್ಲವೆಂದು ವಾಸನೆ ಹಿಡಿದುಬಿಟ್ಟರೇ? ಇದೆಯೆಂದು ಬೆಳಿಗ್ಗೆ ನಾಲ್ಕು ಸಲ ನೋಡಿಕೊಂಡಿದ್ದಳು. ಆದರೂ ಕೈ ತಡೆಯಲಿಲ್ಲ. ಬಾಗಿಲ ಬೀಗವಾಗಲಿ, ಗ್ಯಾಸ್ ಒಲೆಯ ಗುಂಡಿಯಾಗಲಿ, ಮುಟ್ಟಿ ನೋಡದೆ ಅವಳಿಗೆ ಸಮಾಧಾನವಿಲ್ಲ. ಬಲಗೈ ತಾನಾಗಿ ಜಾರಿ ಸೊಂಟದ ಚೀಲವನ್ನು ಮುಟ್ಟಿತು.

ಸಾಹೇಬರು ಲೇಸು ಬಿಟ್ಟು, ಪಟ್ಟನೆ ಕೂತರು.

"ನೋಡೇ! ನಾನಿನ್ನೂ ಆರನೇ ಸಲ ಹೇಳೇ ಇಲ್ಲ, ಆಗ್ಲೇ ಕೂತ!" ದರ್ಜಿ ಹಿಗ್ಗಿಹೋದ. "ಮನಸ್ಸಲ್ಲಿ ಇರೋದನ್ನ ಓದ್ತಾನೆ!"

"ನಿಮ್ಮ ಮನಸ್ಸಲ್ಲಿ ಯಾವಾಗ್ಲೂ ಕೂತ್ಕೊಳ್ಳೋದೇ ತಾನೇ ಇರೋದು," ಎಂದಳು ಹೆಂಡತಿ. "ಎಬ್ಬಿಸಿ ಇನ್ನೊಂದ್ಸಲ ಹೇಳಿ."

ಟೀಚರಿಗೆ ಆಗ ಹೊಳೆಯಿತು. ಮೂರು ತಿಂಗಳೂ, ಪ್ರತಿ ಸಲ "ಕೂತ್ಕೋ" ಎನ್ನುವ ಮೊದಲು, ಅವಳು ಚೀಲ ಮುಟ್ಟಿ ನೋಡಿಕೊಂಡಿದ್ದಳು. ಸಾಹೇಬರು ಆ ಮಾತನ್ನು ಕಿವಿಗೇ ಹಾಕಿಕೊಂಡಿರಲಿಲ್ಲ. ಅವರು ಕೂತದ್ದೆಲ್ಲ ಅವಳ ಕೈ ಸೊಂಟಕ್ಕೆ ಹೋದದ್ದು ಕಂಡು.

ಸಾಹೇಬರು ತಾವಾಗಿಯೇ ಎದ್ದು ಮತ್ತೆ ಲೇಸಿಗೆ ಬಾಯಿ ಹಾಕಿದರು. "ಕೂತ್ಕೋ," ಎಂದ ದರ್ಜಿ.

ಟೀಚರ್ ಸುತ್ತ ನೋಡಿದಳು. ಅಂಗಳದ ಅಂಚಿನಲ್ಲಿ ನಿಂತಿದ್ದ ಮೇಡಂ ಬಿಸಿಲಿಗೆ ಹಣೆಗೆ ಕೈ ಅಡ್ಡ ಹಿಡಿದು ನಾಯಿಯನ್ನೇ ನೋಡುತ್ತಿದ್ದರು. ಅವಳು ಮೆಲ್ಲಗೆ ಚೀಲ ಮುಟ್ಟಿದಳು. ಸಾಹೇಬರು ಕೂತರು. ದರ್ಜಿ ಮತ್ತೆ ಹೇಳಿದ, ಅವಳು ಮತ್ತೆ ಮುಟ್ಟಿದಳು, ಸಾಹೇಬರು ಮತ್ತೆ ಕೂತರು. ಮೇಡಂ ನಗುತ್ತ ದತ್ತಿನ ಕಾಗದ ತರಲು ಒಳಗೆ ಹೋದರು.

ವರಾಂಡದ ಮೇಜಿನ ಹತ್ತಿರ ಹೆಂಡತಿ ಟೀಚರಿಗೆ ವಿಷಯ ಬಿಡಿಸಿ ಹೇಳಿದಳು. "ದಿನಾ ನಡೀಬೇಕು ಅಂತ ಡಾಕ್ಟರು ಹೇಳಿದಾರಮ್ಮ. ಹೊಲಿಗೆ ಮೆಷೀನಿನ ಮುಂದೆ ಕೂತೂ ಕೂತೂ ಇವರ ಮಂಡಿ ಹಿಡ್ಕೊಂಡಿದೆ. ಒಬ್ರನ್ನೇ ನಡೆಯೋಕೆ ಕಳಿಸಿದ್ರೆ ಮೂಲೆ ಅಂಗಡಿ ಬೆಂಚಿನ ಮೇಲೆ ಸಿಗ್ತಾರೆ. ನಾಯಿ ಆದ್ರೆ ಎಳ್ಕೊಂಡು ಹೋಗತ್ತೆ ಅಂತ."

"ಎಳೆಯೋದ್ರಲ್ಲಿ ಸಾಹೇಬರದ್ದು ಎತ್ತಿದ ಕೈ," ಎಂದಳು ಪೈಪು ಎಳೆದುಕೊಂಡು ಅಲ್ಲಿಗೇ ಬಂದಿದ್ದ ದೊಡ್ಡಮ್ಮ.

ದರ್ಜಿ ಕುರ್ಚಿಯಲ್ಲಿ ಕೂತು ಪೆನ್ನಿನ ಮುಚ್ಚಳ ತೆಗೆದ. ಟೀಚರ ಕಣ್ಣಿಗೆ ನಾಳೆಯ ಬೆಳಗು ಕಟ್ಟಿತು. ಇವರ ಮನೆಯ ಹಜಾರ. ಈ ಮನುಷ್ಯ ಹೇಳುತ್ತಾನೆ, ನಾಯಿ ನಿಂತೇ ಇರುತ್ತದೆ. ಇನ್ನೊಮ್ಮೆ ಹೇಳುತ್ತಾನೆ. ಗಂಟಲು ಹರಿದುಕೊಂಡು ಹೇಳುತ್ತಾನೆ. ಒಂದು ವಾರದಲ್ಲಿ ಈ ಗೇಟಿನ ಮುಂದೆ ಗಾಡಿ ಬಂದು ನಿಲ್ಲುತ್ತದೆ.

"ಸಹಿ ಮಾಡ್ಬೇಡಿ," ಎಂದಳು.

ಎಲ್ಲರೂ ತಿರುಗಿದರು.

"ಅವನು ನಿಮ್ಮ ಮಾತಿಗೆ ಕೂತಿದ್ದಲ್ಲ. ನಾನು ಚೀಲ ಮುಟ್ಟಿದ್ದಕ್ಕೆ ಕೂತಿದ್ದು. ಮೊದಲನೇ ಸಲ ಗೊತ್ತಿಲ್ದೆ ಮುಟ್ಟಿದೆ. ಆಮೇಲೆ..." ಅವಳ ದನಿ ಇಳಿಯಿತು. "ಆಮೇಲೆ ಗೊತ್ತಿದ್ದೇ ಮುಟ್ಟಿದೆ."

"ಏನಮ್ಮ ಇದು?" ಎಂದರು ಮೇಡಂ.

ದರ್ಜಿ ಪೆನ್ನು ಹಿಡಿದೇ ಎದ್ದು ನಿಂತ. ಸಾಹೇಬರು ಮೇಜಿನ ಮೇಲೆ ಮುಂಗಾಲಿಟ್ಟು ಕಾಗದದ ಮೂಲೆಯ ರುಚಿ ನೋಡತೊಡಗಿದರು. ದರ್ಜಿಯ ಹೆಂಡತಿ ಎರಡೂ ಕೈಯನ್ನು ಸೊಂಟಕ್ಕೆ ಕೊಟ್ಟು ನಿಂತಳು.

"ಅಂದ್ರೆ ಇಷ್ಟೊತ್ತು ನಮ್ಮನ್ನ ಮಂಗ ಮಾಡಿದ್ರಾ?"

ಸಾಹೇಬರು ಮೇಜು ಬಿಟ್ಟು ಕೂತರು. ಅದೇ ಗಳಿಗೆಯಲ್ಲಿ ದರ್ಜಿಯೂ ಕುರ್ಚಿಯಲ್ಲಿ ಕೂತ.

ದೊಡ್ಡಮ್ಮನ ಕೈಯಿಂದ ಪೈಪು ಬಿದ್ದು ಮೇಡಂ ಕಾಲೆಲ್ಲ ಒದ್ದೆಯಾಯಿತು.

"ಒಂದೇ ಏಟಿಗೆ ಇಬ್ರೂ!" ಎಂದಳು ದೊಡ್ಡಮ್ಮ.

"ಇದನ್ನ ಕಲಿಯೋಕೆ ನನಗೆ ಮದುವೆ ಆದ್ಮೇಲೆ ಒಂದು ವರ್ಷ ಹಿಡೀತು," ಎಂದು ದರ್ಜಿ ನಾಯಿಯ ಕಡೆ ಮೆಚ್ಚುಗೆಯಿಂದ ನೋಡಿದ. "ಇವನು ಮೊದಲೇ ಕಲ್ತು ಬಂದಿದಾನೆ."

ಹೆಂಡತಿ ತುಟಿ ಕಚ್ಚಿ ಹಿಡಿದಳು. ಕೈ ಇಳಿಸಿದಳು. ಸಾಹೇಬರು ಏಳಲು ಹೊರಟರು. ಮತ್ತೆ ಸೊಂಟಕ್ಕೆ ಕೈ ಕೊಟ್ಟಳು, ಸಾಹೇಬರು ಕೂತರು. ಅವಳು ಮೂರನೇ ಸಲವೂ ಮಾಡಿ ನೋಡಿದಳು. ಆಮೇಲೆ ಗಂಡನ ಬೆರಳಿನಿಂದ ಪೆನ್ನು ಕಿತ್ತುಕೊಂಡಳು.

"ಕಾಗದ ಇಲ್ಲಿ ತನ್ನಿ. ಸಹಿ ನಾನು ಹಾಕ್ತೀನಿ."

ಅಂದಿನಿಂದ ಟೀಚರ್ ಗೇಟಿನ ಸದ್ದಿಗೆಲ್ಲ ಬೆಚ್ಚುತ್ತಿದ್ದಳು. ನಾಲ್ಕನೇ ದಿನ, ನಾಯಿಗಳಿಗೆ ಅನ್ನ ಕಲಸುತ್ತಿದ್ದಾಗ, ಫೋನು ಬಂತು.

"ಟೀಚರೇ, ಒಂದು ತಾಪತ್ರಯ ಆಗಿದೆ," ಎಂದಳು ದರ್ಜಿಯ ಹೆಂಡತಿ.

ಟೀಚರ್ ಕಣ್ಣು ಮುಚ್ಚಿಕೊಂಡಳು. "ಹೇಳಿ."

"ಕೂರಿಸೋದು ಹೇಗೆ ಅಂತ ಗೊತ್ತಾಯ್ತು. ಎಬ್ಬಿಸೋದು ಹೇಗೆ ಅಂತ ನೀವು ಹೇಳ್ಲೇ ಇಲ್ಲ. ಬೆಳಿಗ್ಗೆ ವಾಕಿಂಗಿಗೆ ಹೊರಡಿ ಅಂತ ಬಾಗಿಲಲ್ಲಿ ನಿಂತು ರೇಗಿದೆ. ರೇಗೋವಾಗ ನನ್ನ ಕೈ ಎಲ್ಲಿಗೆ ಹೋಗತ್ತೆ ಅಂತ ನಿಮಗೆ ಗೊತ್ತಲ್ಲ. ಅವನು ಕೂತ. ಅವನು ಕೂತ ಅಂತ ಇವರೂ ಕೂತ್ರು. ಗಂಟೆ ಹತ್ತಾಯ್ತು."

"ಹಾಗಾದ್ರೆ... ವಾಪಸು..."

"ವಾಪಸಾ? ಯಾರನ್ನ?"

ಆ ಕಡೆ ದರ್ಜಿ ಸಣ್ಣ ದನಿಯಲ್ಲಿ ಯಾರಿಗೋ ಏನೋ ಹೇಳುತ್ತಿದ್ದ. ಅದರ ಹಿಂದೆಯೇ ನೆಲಕ್ಕೆ ಬಾಲ ಬಡಿಯುವ ಸದ್ದು, ನಿಧಾನವಾಗಿ, ಬಿಟ್ಟು ಬಿಟ್ಟು. ಅನ್ನ ಮೆತ್ತಿದ ಕೈಯನ್ನು ದೂರ ಹಿಡಿದು, ಅವಳು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.