ಒಳಗಿನ ಹೆಪ್ಪು

“ಹುಳಾ ಎಷ್ಟು ಅದಾವ್ರಿ ಒಳಗ?” ಸಂಗಮ್ಮ ಕೇಳಿದಳು.

ನಾರಾಯಣಪೇಟೆಯ ಆ ದವಾಖಾನೆಯಲ್ಲಿ ಪರೀಕ್ಷೆಯಾದದ್ದು ಸೊಸೆ ಭುವನೇಶ್ವರಿಗೆ. ಆದರೆ ಬೆಳಗಿನಿಂದ ಮಾತೆಲ್ಲ ಅತ್ತೆಯದೇ. ಬಿಳಿ ಹೋಗುವುದು ಯಾವಾಗಿನಿಂದ, ವಾಸನೆ ಎಂಥದು ಎಂಬುದನ್ನೆಲ್ಲ ತನ್ನದೇ ಮೈ ಎಂಬಂತೆ ಹೇಳಿದ್ದಳು. ಮಗ ಶಿವಕಾಂತ ಗೋಡೆಯ ಕ್ಯಾಲೆಂಡರನ್ನು ಬಹಳ ಶ್ರದ್ಧೆಯಿಂದ ಓದುತ್ತಿದ್ದ. ಈ ಸಲ ಗುಣವಾಗದಿದ್ದರೆ ಸೊಸೆಯನ್ನು ದಾಮರಗಿದ್ದದ ತವರಿಗೆ ಬಿಟ್ಟು ಬರುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ‘ಎಲ್ಲಿಂದ ಹಚ್ಚಿಕೊಂಡು ಬಂದಾಳೋ’ ಎಂಬ ಮಾತು ಮಕ್ತಲಿನ ಓಣಿ ಸುತ್ತಿ ಬಂದಿತ್ತು.

“ಇರಬೇಕಾದವು ಒಂದೂ ಇಲ್ಲ,” ಎಂದರು ಡಾಕ್ಟರ್ ದೇವಿಕಾ.

ಸಂಗಮ್ಮ ಸೆಟೆದು ಕೂತಳು. “ಮತ್ತ! ದಿನಾ ಎರಡೊತ್ತು ಪಟಿಕದ ನೀರು ಪಿಚಕಾರಿಲೆ ಹೊಡಿಸೀನಿ. ಒಂದೂ ಉಳಿದಿಲ್ಲ ನೋಡ್ರಿ.”

“ಸಾಯಬಾರದವು ಸತ್ತಾವಮ್ಮ. ಹಾಲಿಗೆ ಹೆಪ್ಪು ಹಾಕ್ತೀರಲ್ಲ, ಅಂಥವೇ ಅಲ್ಲಿ ಕಾವಲಿರ್ತಾವ. ನೀವು ಅವನ್ನ ತೊಳದು ಚೆಲ್ಲೀರಿ. ಖಾಲಿ ಜಾಗಕ್ಕ ಬ್ಯಾರೆವು ಬಂದು ಕಿಕ್ಕಿರದಾವ. ವಾಸನಿ ಅವುಗಳದು.”

“ಹಂಗಾರ ಮಸರು ಹಚ್ಚೂದೇನ್ರಿ?”

“ಏನೂ ಹಚ್ಚಬ್ಯಾಡ್ರಿ. ನೀವು ಕೈ ತಗೀರಿ, ಅಷ್ಟ.”

ಭುವನೇಶ್ವರಿಗೆ ಬಚ್ಚಲಿನ ಉರಿ ನೆನಪಾಯಿತು. ಬಾಗಿಲಾಚೆ ನಿಂತು “ಆತೇನ? ಪೂರಾ ಹಾಕಿದೇನ?” ಎನ್ನುತ್ತಿದ್ದ ಅತ್ತೆಯ ದನಿಯೂ. ವರ್ಷದಿಂದ ನಾಚಿಕೆಯೆಂದು ತಾನು ನುಂಗಿದ್ದೆಲ್ಲ ನಾಚಿಕೆಯಾಗಿರಲೇ ಇಲ್ಲ. ಸಿಟ್ಟಿಗೆ ಅವಳ ಕಿವಿ ಕಾದವು.

“ಗೋಳಿ ಬರದೀನಿ. ಗಂಡಗೂ,” ಎಂದರು ಡಾಕ್ಟರ್.

ಕ್ಯಾಲೆಂಡರ್ ಓದು ನಿಂತಿತು. “ನನಗ್ಯಾಕ್ರೀ? ನನಗೇನಾಗೇತಿ?”

“ನಿಮ್ಮ ಮೈಮ್ಯಾಲೂ ಅವು ಕುಂತಿರ್ತಾವ, ಗೊತ್ತಾಗೂದಿಲ್ಲ. ಈಕಿಗಷ್ಟ ಕೊಟ್ರ ನಿಮ್ಮಿಂದ ತಿರುಗಿ ಬರ್ತಾವ.”

ಔಷಧದ ಅಂಗಡಿಯ ಮುಂದೆ ಜನ ಒತ್ತಿಕೊಂಡಿದ್ದರು. ಶಿವಕಾಂತ ಬಗ್ಗಿ, “ಒಬ್ಬರಿಗಾಗೂವಷ್ಟು ಸಾಕು,” ಎಂದು ಪಿಸುಗುಟ್ಟಿದ.

“ಇಬ್ಬರಿಗೂ ಕೊಡ್ರಿ,” ಎಂದಳು ಭುವನೇಶ್ವರಿ ಗಟ್ಟಿಯಾಗಿ. “ಒಂದ ಬ್ಯಾನಿಗೆ, ನನಗೂ ನಮ್ಮ ಮನಿಯವರಿಗೂ.” ಹಿಂದಿದ್ದ ಯಾರಿಗಾದರೂ ತಿಳಿಯದೆ ಹೋದೀತೆಂದು ತೆಲುಗಿನಲ್ಲೂ ಹೇಳಿದಳು: “ಇದ್ದರಿಕೀ ಇವ್ವಂಡಿ.”

“ಮೆಲ್ಲಕ ಮಾತಾಡ. ಮಂದಿ ಕೇಳ್ತಾರ,” ಸಂಗಮ್ಮ ಸೆರಗೆಳೆದಳು.

“ಓಣಿಯಾಗ ನೀವು ಹೇಳುವಾಗ ಮಂದಿ ಕಿವಿ ಮುಚ್ಚಿಕೊಂಡಿದ್ದರೇನ್ರಿ ಅತ್ತಿ?”

ಸಂಗಮ್ಮ ಸೆರಗು ಬಿಟ್ಟು ಬಸ್ ಸ್ಟ್ಯಾಂಡಿನ ಕಡೆ ಮುಂದೆ ನಡೆದಳು. ಗೋಳಿಯನ್ನು ಊಟದ ಮೇಲೆ ನುಂಗಬೇಕೆಂದಿದ್ದರು ಡಾಕ್ಟರ್. ಮೂವರೂ ಅಲ್ಲೇ ಇಡ್ಲಿ ತಿಂದರು. ಭುವನೇಶ್ವರಿ ತನ್ನ ಗೋಳಿ ನುಂಗಿ, ಇನ್ನೊಂದನ್ನು ಬಿಡಿಸಿ ಗಂಡನ ಅಂಗೈಗೆ ಹಾಕಿ, ನೋಡುತ್ತ ನಿಂತಳು. ಅವನು ತಾಯಿಯ ಕಡೆ ನೋಡಿದ. ತಾಯಿ ಮಕ್ತಲಿನ ಬಸ್ಸು ಬರುವ ದಾರಿ ನೋಡುತ್ತಿದ್ದಳು. ಬಾಯಿಗೆ ಹಾಕಿಕೊಂಡ.

ಕಹಿ ನಾಲಿಗೆಗೆ ಇಳಿಯುತ್ತಲೇ ಮುಖ ಕಿವುಚಿ ನೀರಿಗೆ ಕೈ ಚಾಚಿದ. ಭುವನೇಶ್ವರಿ ಬಾಟಲಿಯ ಮುಚ್ಚಳ ತೆಗೆದಳು. ತಲೆ ಹಿಂದಕ್ಕೆ ಬಾಗಿಸಿ, ಬಾಟಲಿ ಮೇಲೆತ್ತಿ, ನಿಧಾನವಾಗಿ ತಾನೇ ಕುಡಿಯತೊಡಗಿದಳು.