ಬೀರಪ್ಪನ ಕುಣಿ

ಗಂಡನ ಕೋಟಿನ ಮೂರನೆಯ ಗುಂಡಿ ತೂತಿಗೆ ಸೇರಲೊಲ್ಲದೆ ಹೊಳೆವ್ವ ಅದನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದಾಗ ಬಡಿಗ ಫಕೀರಪ್ಪ ಅಂಗಳಕ್ಕೆ ಓಡಿಬಂದ.

"ದುಂಡಗ ತಗದಾನ್ರೀ!" ಎಂದು ಕೂಗಿದ. "ಮಕ್ತುಮಸಾಬ ಕುಣಿ ದುಂಡಗ ತಗದಾನ. ಬಾವಿ ಇದ್ದಾಂಗ ಐತಿ. ನಾ ಮಾಡಿದ್ದು ಆರು ಫೂಟಿನ ಪೆಟಗಿ. ಅದನ್ನ ಅದರಾಗ ಹೆಂಗ ಇಳಸ್ಲಿ? ನಿಂದರಸ್ಲೇನು?"

ಹೆಣದ ತಲೆಯ ಹತ್ತಿರ ಕೂತು ನೊಣ ಓಡಿಸುತ್ತಿದ್ದ ನೆರೆಮನೆಯ ಶೇವಂತೆವ್ವ ಬೀಸಣಿಗೆ ನಿಲ್ಲಿಸಿದಳು. "ಹೋಗೋ ಹೊತ್ತಿನ್ಯಾಗರೆ ಈ ಮನಶ್ಯಾ ನೆಟ್ಟಗ ಹೋಗಬಾರದ?"

ಹೊಳೆವ್ವ ಗುಂಡಿಯನ್ನು ಹಾಗೇ ಬಿಟ್ಟು ಎದ್ದಳು. ಬೆಳಗಿನ ಜಾವ ಬೀರಪ್ಪನ ಉಸಿರು ನಿಂತಾಗಿನಿಂದ ಅವಳಿಗೆ ಅಳುವುದಕ್ಕೆ ಪುರಸೊತ್ತು ಸಿಕ್ಕಿರಲಿಲ್ಲ. ಗದಗಿನ ಮಗಳಿಗೆ ತಾರು ಕೊಡಿಸಬೇಕು, ಹೆಬ್ಬಳ್ಳಿಗೆ ಭಾವನ ಕಡೆ ಆಳು ಕಳಿಸಬೇಕು, ಪಾದ್ರಿಗಳಿಗೆ ಹೇಳಬೇಕು, ಪೆಟ್ಟಿಗೆಗೆ ಹಲಗೆ ಹುಡುಕಿಸಬೇಕು. ಎಲ್ಲ ಮುಗಿಯಿತು, ಇನ್ನೊಂದು ಗಳಿಗೆ ಕೂತು ಅತ್ತೇನು ಎನ್ನುವಷ್ಟರಲ್ಲಿ ಇದು.

ಬಡಿಗನ ಹಿಂದೆಯೇ ಮಕ್ತುಮಸಾಬನೂ ಬಂದ. ಮೊಣಕಾಲವರೆಗೆ ಗರಸು ಮಣ್ಣು ಮೆತ್ತಿತ್ತು.

"ನನಗ್ಯಾಕ ಬೈತೀರಿ, ವೈನಿ?" ಎಂದ. ಅವಳು ಇನ್ನೂ ಬಾಯಿಯನ್ನೇ ತೆರೆದಿರಲಿಲ್ಲ. "ಅವನಽ ಹೇಳಿದ್ದ. 'ಮಕ್ತುಮ, ನನ್ನ ಮಲಗಸಬ್ಯಾಡ, ಕೂಡ್ರಸು' ಅಂದ. ಕೈ ಮ್ಯಾಲ ಕೈ ಹಾಕಿಸ್ಕೊಂಡ. ಮೂವತ್ತು ವರ್ಷ ಅಂವ ಗ್ವಾಡಿ ಕಟ್ಯಾನ, ನಾ ಬುನಾದಿ ತಗದೇನಿ. ಅಂವ ಹೇಳಿದ ಅಳತಿ ನಾ ಎಂದರೆ ತಪ್ಪಿಸೇನೇನು?"

"ಯಾವಾಗ ಹೇಳಿದ್ರು?"

"ಉಗಾದಿ ಮುಂದ."

"ನನಗ್ಯಾಕ ಹೇಳಲಿಲ್ಲ?"

"ಅದನ್ನ ಅವನ್ನಽ ಕೇಳ್ರಿ," ಎಂದುಬಿಟ್ಟು ಮಕ್ತುಮಸಾಬ ನಾಲಿಗೆ ಕಚ್ಚಿಕೊಂಡ.

ಸಭೆಯ ಸತ್ಯಮಿತ್ರ ಪಾದ್ರಿಗಳು ಜಗಲಿಯ ಮೇಲೆ ಕೂತು ಇದನ್ನೆಲ್ಲ ಕೇಳುತ್ತಿದ್ದರು. ಮೃದು ಮನುಷ್ಯ. ಮುಖದಲ್ಲಿ ಸದಾ ಅರ್ಧ ನಿದ್ದೆ. ಆದರೆ ಈಗ ಎದ್ದು ನಿಂತರು.

"ಹೊಳೆವ್ವಾರ, ಇದು ಆಗೂದಿಲ್ಲ. ಕೂಡ್ರಿಸಿ ಹೂಳೋದು ಬೀರಪ್ಪನ ಹಿರಿಯರ ರೂಢಿ. ನಮ್ಮಲ್ಲಿ ಮಲಗಸ್ತೇವಿ, ಮಾರಿ ಮೂಡಣಕ್ಕ ಇರೋ ಹಾಂಗ. ಕ್ರಿಸ್ತ ಮೂಡಣದಿಂದ ಬಂದಾಗ ಎದ್ದ ಕೂಡಲೆ ಆತ ಕಾಣ್ಲಿ ಅಂತ. ಕೂಡ್ರಿಸಿದ್ರಂದ್ರ ನಾ ಪ್ರಾರ್ಥನಾ ಓದಾಕ ಬರೂದಿಲ್ಲ. ನಾಳೆ ಸಭಾದ ಹಿರಿಯರು ನನ್ನ ಕೇಳತಾರ."

ಅಷ್ಟರಲ್ಲಿ ಬೀರಪ್ಪನ ಅಣ್ಣ ಮೈಲಾರಪ್ಪ ಬಂದ. ಹೆಬ್ಬಳ್ಳಿಯಿಂದ ನಡೆದೇ ಬಂದಿದ್ದ, ಹೆಗಲ ಮೇಲೆ ಕಂಬಳಿ, ಹಣೆಗೆ ಭಂಡಾರ. ಇಪ್ಪತ್ತು ವರ್ಷದ ಹಿಂದೆ ತಮ್ಮ ಕ್ರಿಸ್ತರ ಸಭೆ ಸೇರಿದ ದಿನದಿಂದ ಅವನು ಈ ಮನೆಯ ಹೊಸ್ತಿಲು ದಾಟಿರಲಿಲ್ಲ. ಈಗಲೂ ಚೌಕಟ್ಟು ಹಿಡಿದು ಹೊರಗೇ ನಿಂತ. ಫಕೀರಪ್ಪ ಸುಮ್ಮನಿರಲಾರದೆ ಅವನಿಗೂ ದುಂಡನೆಯ ಕುಣಿಯ ಸುದ್ದಿ ಹೇಳಿದ.

"ದುಂಡಗ?" ಮೈಲಾರಪ್ಪನ ದನಿ ಒಡೆಯಿತು. "ಅವನಽ ಹೇಳಿದ್ನ?"

"ಅವನಽ ಹೇಳ್ಯಾನಂತ."

ಮುದುಕ ಜೋಡು ಕಳಚಿ ಒಳಗೆ ಬಂದ. ತಮ್ಮನ ಹೆಬ್ಬೆರಳು ಹಿಡಿದು ಕೂತು ಹೋ ಎಂದು ಅತ್ತ. "ನಮ್ಮಪ್ಪ ಕೂತಾನ, ನಮ್ಮಜ್ಜ ಕೂತಾನ. ನನ್ನ ತಮ್ಮನೂ ಕಡೀಕ ಮನಿಗೆ ಬಂದ್ನಲ್ಲೋ!"

ಪಾದ್ರಿಗಳ ಮುಖ ಇಳಿದುಹೋಯಿತು. ಹೊಳೆವ್ವನನ್ನು ಬದಿಗೆ ಕರೆದರು. "ಖರೇ ಹೇಳ್ರಿ. ಬೀರಪ್ಪ ಆತ ಬರತಾನನ್ನೋ ನಿರೀಕ್ಷೆ ಬಿಟ್ಟಿದ್ರೇನು?"

"ಬಿಟ್ಟಿದ್ರ," ಎಂದಳು ಹೊಳೆವ್ವ ಹಲ್ಲು ಕಚ್ಚಿ, "ನಮ್ಮ ಮೂಡಣ ಗ್ವಾಡಿ ಎಂದೋ ಏಳ್ತಿತ್ರಿ."

* * *

ಬೀರಪ್ಪ ಗೌಂಡಿ. ಹುಬ್ಬಳ್ಳಿಯಲ್ಲಿ ಅವನು ಕಟ್ಟಿದ ಗೋಡೆಗೆ ಆನೆ ಒರಗಿದರೂ ಅಲುಗುವುದಿಲ್ಲ ಎಂದು ಜನ ಹೇಳುತ್ತಿದ್ದರು. ಬೆಂಗೇರಿಯ ಹಾದಿಯಲ್ಲಿ ತನಗೆಂದು ಕಟ್ಟಿಕೊಂಡ ಮನೆಗೆ ಮಾತ್ರ ಮೂರೇ ಗೋಡೆ. ಮೂಡಣ ದಿಕ್ಕಿಗೆ ಬಿದಿರಿನ ತಟ್ಟಿ.

ದೊಡ್ಡ ಜ್ವರದ ವರ್ಷ ಅವರ ಏಳು ವರ್ಷದ ಹುಡುಗ ಎರಡೇ ದಿನದಲ್ಲಿ ಹೋದ. ಆಗ ಊರೂರು ತಿರುಗುವ ಉಪದೇಶಿಯೊಬ್ಬ ಜಗಲಿಯ ಮೇಲೆ ಕೂತು ದೇವರ ರಾಜ್ಯ ಹತ್ತಿರ ಬಂದಿದೆ, ಅಲ್ಲಿ ಸಾವಿಲ್ಲ, ಸತ್ತವರೂ ಏಳುತ್ತಾರೆ ಎಂದು ಹೇಳಿದ. ಹೊಳೆವ್ವನೂ ಕೇಳಿದಳು. ಅವಳಿಗೆ ಸಮಾಧಾನವಾಯಿತು. ಬೀರಪ್ಪನಿಗೆ ಅಷ್ಟಕ್ಕೇ ಮುಗಿಯಲಿಲ್ಲ. "ಹತ್ತಿರ ಅಂದ್ರ ಎಷ್ಟು ಹತ್ತಿರ?" ಎಂದು ಕೇಳಿದ. ಉಪದೇಶಿ, "ಬಾಗಲದಾಗಽ ಐತಿ" ಎಂದ. ಬಾಯಿಗೆ ಬಂದದ್ದು ಹೇಳಿ ಆ ಪುಣ್ಯಾತ್ಮ ಮುಂದಿನ ಊರಿಗೆ ಹೋದ, ಗಂಡ ಹೆಂಡತಿ ಸಭೆ ಸೇರಿದರು. ಅನುಭವಿಸಿದವಳು ಹೊಳೆವ್ವ.

"ಗ್ವಾಡಿ ಯಾವಾಗ ಕಟ್ಟತೀರಿ?"

"ಮೂಡಣದಿಂದ ಬರೋದು ಕಾಣಬೇಕಲ್ಲ. ಇಷ್ಟ ದಿನ ತಡದಿ, ಇನ್ನೊಂದು ವರ್ಷ ತಡಿ."

ಇನ್ನೊಂದು ವರ್ಷ, ಇನ್ನೊಂದು ವರ್ಷ. ಮಳೆಗಾಲದಲ್ಲಿ ಎರಚಲು ಒಲೆಯವರೆಗೆ ಬರುತ್ತಿತ್ತು. ಮಗಳನ್ನು ನೋಡಲು ಗದಗಿನಿಂದ ಬೀಗರು ಬಂದ ದಿನ ತಟ್ಟಿ ಸರಿಸಿಕೊಂಡು ಶೇವಂತೆವ್ವನ ಆಡು ಒಳಗೆ ಬಂತು, ಬೀಗರ ಮುಂದಿನ ತಟ್ಟೆಯಿಂದ ಒಂದು ಉಂಡೆ ಕಚ್ಚಿಕೊಂಡು ಹೋಯಿತು. ಹೊಳೆವ್ವನಿಗೆ ನೆಲ ಬಾಯಿಬಿಡಬಾರದೇ ಎನಿಸಿತು. ಬೀರಪ್ಪ ಮಾತ್ರ ಬೀಗರಿಗೆ, "ಇರಲಿ ಬಿಡ್ರಿ, ಆ ರಾಜ್ಯದಾಗ ಹುಲಿ ಮತ್ತ ಆಡು ಕೂಡೇ ಮೇಯ್ತಾವಂತ," ಎಂದು ತಿಳಿಸಿ ಹೇಳಿದ. ಸಂಬಂಧ ಕುದುರಿದ್ದು ಹುಡುಗಿಯ ಪುಣ್ಯ.

ಕೆಲಸದ ಮೇಲೂ ಇದೇ ಮಾತು. ಗೋಡೆಗೆ ಗಾರೆ ಬಳಿದು ಗಿಲಾಯಿ ಮಾಡುತ್ತ ಮಾಡುತ್ತ ಮನೆಯ ಯಜಮಾನನಿಗೆ, "ಛಲೋ ಕಟ್ಟೇನಿ. ರಾಜ್ಯ ಬರೋತನಾ ಏನೂ ಆಗೂದಿಲ್ಲ," ಎನ್ನುತ್ತಿದ್ದ. ಊರು ಅವನಿಗೆ ರಾಜ್ಯದ ಬೀರಪ್ಪ ಎಂದೇ ಹೆಸರಿಟ್ಟಿತು. ಮಾರುಕಟ್ಟೆಯಲ್ಲಿ ಹುಡುಗರು, "ಬೀರಪ್ಪಜ್ಜಾ, ಎಲ್ಲೀತನಾ ಬಂತು?" ಎಂದರೆ ಸಿಟ್ಟಾಗದೆ ನಿಂತು ಉತ್ತರ ಹೇಳುತ್ತಿದ್ದ. ಅವನ ಪಾಲಿನದನ್ನೂ ಸೇರಿಸಿ ಹೊಳೆವ್ವನೇ ಸಿಟ್ಟಾಗುತ್ತಿದ್ದಳು.

* * *

ಮಧ್ಯಾಹ್ನ ತಿರುಗಿತು. ಮೋಡ ಕಟ್ಟಿತು. ಮಗಳು ಬರುವ ಗಾಡಿ ತಡವೆಂದು ಸುದ್ದಿ ಬಂತು, ಕಾಯುವ ಹಾಗಿರಲಿಲ್ಲ. ಯಾವುದೂ ತೀರ್ಮಾನವಾಗದೆಯೇ ಪೆಟ್ಟಿಗೆ ಹೊತ್ತುಕೊಂಡು ಸ್ಮಶಾನಕ್ಕೆ ನಡೆದರು. ದಾರಿಯುದ್ದಕ್ಕೂ ವಾದ.

"ಮಕ್ತುಮ, ಹೊಸಾದು ಒಂದು ಉದ್ದಕ ತಗಿಯಾಕ ಎಷ್ಟೊತ್ತು ಬೇಕು?" ಎಂದರು ಪಾದ್ರಿಗಳು.

"ನಾಳೆ ಹೊತ್ತೇರತೈತ್ರಿ. ಮ್ಯಾಲ ಅಷ್ಟಽ ಮಣ್ಣು, ತಳಕ್ಕ ಗಟ್ಟಿ ಗರಸು, ಕಬ್ಬಿಣದ ಹಾರಿ ಇಳಿಯವಲ್ದು."

"ಪೆಟಗಿ ಯಾಕ ಬೇಕು?" ಎಂದ ಮೈಲಾರಪ್ಪ. "ತಗದು ಒಗೀರಿ. ಕುಣಿ ತಯಾರೈತಿ, ತಮ್ಮನ್ನ ಕೂಡ್ರಸೂಣು."

"ಒಗಿಯಾಕ ನಿಮ್ಮಪ್ಪನ ಹಲಗೀ ಏನು?" ಫಕೀರಪ್ಪ ಹೆಗಲು ಬದಲಿಸುತ್ತ ರೇಗಿದ.

ಕುಣಿಯ ದಂಡೆಯ ಮೇಲೆ ಪೆಟ್ಟಿಗೆ ಇಳಿಸಿದರು. ಪಾದ್ರಿಗಳು ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಒಂದು ಕಡೆ, ಮೈಲಾರಪ್ಪ ಕಂಬಳಿ ಬಿಗಿದುಕೊಂಡು ಇನ್ನೊಂದು ಕಡೆ.

"ಕೂಡ್ರಿಸಿದ್ರ ನಾ ಹೋಗತೇನಿ," ಎಂದರು ಪಾದ್ರಿಗಳು, ಬೇಸರದಿಂದಲೇ.

"ಮಲಗಿಸಿದ್ರ ನಾ ಮಣ್ಣು ಕೊಡೂದಿಲ್ಲ," ಎಂದ ಮೈಲಾರಪ್ಪ. "ಒಡಹುಟ್ಟಿದಾಂವ ಮಣ್ಣು ಕೊಡದ ಹೋದ್ರ ಏನ ಅಂತ ನಿಮಗ ಗೊತ್ತಿಲ್ಲ, ಆಕಿಗೆ ಗೊತ್ತೈತಿ."

ಹೊಳೆವ್ವನಿಗೆ ಗೊತ್ತಿತ್ತು. ಇಪ್ಪತ್ತು ವರ್ಷವೂ ಪ್ರತಿ ದಸರೆಗೆ ಬೀರಪ್ಪ ಬನ್ನಿ ತೆಗೆದುಕೊಂಡು ಹೆಬ್ಬಳ್ಳಿಯವರೆಗೆ ಹೋಗುತ್ತಿದ್ದ, ಅಣ್ಣನ ಬಾಗಿಲಲ್ಲಿಟ್ಟು ಮಾತಿಲ್ಲದೆ ಬರುತ್ತಿದ್ದ. ಪಾದ್ರಿಗಳ ಪ್ರಾರ್ಥನೆ ಇಲ್ಲದೆ ಮಣ್ಣಾಗುವುದು ಅವನಿಗೆ ಎಂಥ ಸಂಕಟವೋ ಅಣ್ಣನ ಹಿಡಿ ಮಣ್ಣಿಲ್ಲದೆ ಹೋಗುವುದೂ ಅಂಥದೇ. ಎರಡೂ ಬೇಕು. ಎರಡೂ ಇಲ್ಲೇ ನಿಂತಿವೆ. ಹೇಳಬೇಕಾದವನು ಒಬ್ಬೊಬ್ಬರಿಗೆ ಒಂದೊಂದು ಹೇಳಿ ಬಾಯಿ ಮುಚ್ಚಿಕೊಂಡು ಮಲಗಿದ್ದಾನೆ.

"ಯಾಕ ಕೂಡ್ರಸು ಅಂದ್ರು, ಏನರೆ ಹೇಳಿದ್ರ?" ಎಂದು ಅವಳು ಮಕ್ತುಮಸಾಬನನ್ನು ಕೇಳಿದಳು.

"ಕೇಳಿದೆ, ವೈನಿ. 'ಹೊಳೆವ್ವ ಅಂದದ್ದು ಖರೇ ಐತಿ' ಅಂದ. ಅಷ್ಟಽ."

* * *

ಕುಕ್ಕರುಗಾಲಿನಲ್ಲಿ ಕೂತು ಕಲ್ಲು ಕಟ್ಟಿ ಕಟ್ಟಿ ಬೀರಪ್ಪನ ಮೊಣಕಾಲು ಐವತ್ತೈದಕ್ಕೇ ಮುಗಿದಿದ್ದವು. ಹಾಸಿಗೆಯಿಂದ ಏಳುವುದೆಂದರೆ ದಿನಾ ಒಂದು ಯುದ್ಧ. ಮೊದಲು ಒಂದು ಮಗ್ಗುಲಿಗೆ ಹೊರಳಬೇಕು, ಮೊಣಕೈ ಊರಬೇಕು, ಆಮೇಲೆ "ಹೊಳೆವ್ವಾ" ಎಂದು ಕರೆಯಬೇಕು. ಅವಳು ಒಲೆಯ ಮುಂದಿನ ರೊಟ್ಟಿ ಬಿಟ್ಟು ಬಂದು ರಟ್ಟೆಗೆ ಕೈ ಹಾಕಿ ಎತ್ತಬೇಕು. ಕೂತಿದ್ದರೆ ಪರವಾಗಿಲ್ಲ, ಗೋಡೆ ಹಿಡಿದು ಒಬ್ಬನೇ ಏಳುತ್ತಿದ್ದ. ಮಲಗಿದರೆ ಮುಗಿಯಿತು.

ಉಗಾದಿಗೆ ಎಂಟು ದಿನವಿರುವಾಗ ಒಂದು ಬೆಳಗ್ಗೆ ಅವನು ಹೀಗೇ ಕರೆದ. ಅವಳು ಅವನನ್ನು ಎಬ್ಬಿಸಿ ಕೂಡಿಸಿ ಬರುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಹೊತ್ತಿಹೋಗಿತ್ತು. ಆ ತಿಂಗಳಲ್ಲಿ ಅದೆಷ್ಟನೆಯ ರೊಟ್ಟಿಯೋ.

"ನಿಮ್ಮ ರಾಜ್ಯ ಬಂದಾಗ ಏನ ಮಾಡತೀರಿ?" ಎಂದು ಒದರಿದಳು. "ಕಹಳಿ ಊದಿದ ಕೂಡಲೆ ಎಲ್ಲಾರೂ ಎದ್ದು ಹೊಕ್ಕಾರ. ಮಗನೂ ಎದ್ದು ಹೊಕ್ಕಾನ. ನೀವೊಬ್ಬರು ಕುಣ್ಯಾಗ ಮಗ್ಗಲಾ ಹೊರಳಿಕೋತ, ಹೊಳೆವ್ವಾ ಹೊಳೆವ್ವಾ ಅಂತ ಒದರಿಕೋತ ಇರತೀರಿ. ಅಲ್ಲಿ ಎಬ್ಬಸಾಕ ನಾ ಎಲ್ಲಿಂದ ಬರ್ಲಿ?"

ಯಾವತ್ತೂ ಒಂದಲ್ಲ ಒಂದು ಉತ್ತರ ಕೊಡುತ್ತಿದ್ದವನು ಅವತ್ತು ಮೊಣಕಾಲನ್ನು ಎರಡೂ ಕೈಯಿಂದ ಹಿಡಿದುಕೊಂಡ. ರೊಟ್ಟಿ ಅರ್ಧ ಬಿಟ್ಟ. ಮೂಡಣದ ತಟ್ಟಿಯ ಕಡೆ ಬಹಳ ಹೊತ್ತು ನೋಡಿದ. ಸಂಜೆ ಕೋಲು ಊರಿಕೊಂಡು ಎಲ್ಲಿಗೋ ಹೋಗಿ ಬಂದ. ಹೊಳೆವ್ವ ಎಲ್ಲಿಗೆಂದು ಕೇಳಲಿಲ್ಲ. ಅವಳಿಗೆ ಹಿಟ್ಟು ನಾದುವುದಿತ್ತು.

* * *

"ಮಣಕಾಲ್ರೀ!" ಎಂದಳು ಹೊಳೆವ್ವ.

ಭಾವನ ಮುಂದೆ ಸೆರಗು ಸರಿಸದೆ, ದನಿ ಎತ್ತದೆ ಬಾಳಿದವಳು. ಈಗ ಸೆರಗು ಹೆಗಲಿಗೆ ಜಾರಿದ್ದರ ಪರಿವೆ ಅವಳಿಗಿರಲಿಲ್ಲ.

"ಅವರು ಸಭಾನೂ ಬಿಟ್ಟಿಲ್ಲ, ಹಿರಿಯರ ಕಡಿಗೂ ಬಂದಿಲ್ಲ. ಮಣಕಾಲು ಹಿಡದಿದ್ವು. ಮಲಗಿದ್ರ ಏಳಾಕ ಆಗ್ತಿದ್ದಿಲ್ಲ. ಆತ ಬಂದಾಗ ತಡಾ ಆದೀತು ಅಂತ ಅಂಜ್ಯಾರ. ನಾನಽ ಅಂಜಿಸೇನಿ. ಬಾಯಿ ನಂದು, ಏನೋ ಅಂದೆ. ಈ ಮನಶ್ಯಾ ನನ್ನ ಮಾತು ಜನ್ಮದಾಗ ಒಂದು ಕೇಳಲಿಲ್ಲ. ಗ್ವಾಡಿ ಕಟ್ಟು ಅಂದ್ರ ಕೇಳಲಿಲ್ಲ. ಕೇಳಿದ್ದು ಇದೊಂದು!"

ಮೈಲಾರಪ್ಪ ಕುಣಿಯನ್ನೇ ನೋಡುತ್ತಿದ್ದ. "ನಮ್ಮಪ್ಪಗೂ ಹಿಂಗಽ ಮಣಕಾಲು ಹಿಡದಿದ್ವು," ಎಂದ.

ಪಾದ್ರಿಗಳು ಕನ್ನಡಕ ತೆಗೆದು ಒರೆಸಿದರು. "ಆ ದಿನ ಎಲ್ಲಾ ನೋವೂ ಹೋಗತಾವು, ಹೊಳೆವ್ವಾರ. ಹೊಸಾ ಮೈ ಕೊಡತಾನ."

"ಅದು ನಿಮಗ ಗೊತ್ತು, ನನಗ ಗೊತ್ತು. ಅವರಿಗೆ ಯಾರು ಹೇಳಬೇಕು ಈಗ?" ಅವಳು ಮಕ್ತುಮಸಾಬನ ಕಡೆ ತಿರುಗಿದಳು. "ಪಡುವಲ ದಂಡಿ ಇಳಿಜಾರು ಕಡದ್ರ ಎಷ್ಟೊತ್ತು ಆದೀತು?"

ಮಕ್ತುಮಸಾಬ ಹೆಜ್ಜೆಯಿಂದ ಅಳೆದ. "ಪಾವಟಿಗಿ ಕಡದಾಂಗ? ಒಂದು ತಾಸು. ಮ್ಯಾಲಿನ ಮಣ್ಣು ಮೆತ್ತಗಿತ್ತು."

"ಕಡೀರಿ. ಕಾಲು ಕೆಳಗ, ತಲಿ ಮ್ಯಾಲ. ಮಾರಿ ಮೂಡಣಕ್ಕ. ಮಲಗಸೂದೂ ಬ್ಯಾಡ, ಕೂಡ್ರಸೂದೂ ಬ್ಯಾಡ. ಒರಗಸ್ರಿ." ಪಾದ್ರಿಗಳನ್ನು ನೋಡಿದಳು. "ಒರಗಬಾರದು ಅಂತ ಎಲ್ಲೆರೆ ಬರದೈತೇನ್ರಿ?"

ಸತ್ಯಮಿತ್ರ ಪಾದ್ರಿಗಳು ಕಂಕುಳಿನ ಪುಸ್ತಕ ತೆಗೆದು ಹಾಳೆ ತಿರುವಿದರು. "ಕ್ರಿಸ್ತನ ಕಡೀ ಊಟದಾಗ ಶಿಷ್ಯರೆಲ್ಲ ಒರಗಿಽ ಇದ್ರು," ಎಂದರು ಕೊನೆಗೆ, ಅರ್ಧ ತಮಗೇ ಹೇಳಿಕೊಂಡಂತೆ.

"ಭಾವಾರ, ನೀವೇನಂತೀರಿ?"

"ನೆಟ್ಟಗ ಕೂತಾಂಗ ಆಗೂದಿಲ್ಲ," ಎಂದು ಮೈಲಾರಪ್ಪ ಗೊಣಗಿದ. "ಆದ್ರ ಮಲಗಿದಾಂಗೂ ಅಲ್ಲ ಬಿಡು." ಕಂಬಳಿ ತೆಗೆದು ಶೇವಂತೆವ್ವನ ಕೈಗೆ ಕೊಟ್ಟು ಗುದ್ದಲಿಗೆ ಕೈ ಚಾಚಿದ.

ಒಂದು ತಾಸು ಎಂದದ್ದು ಎರಡಾಯಿತು. ಪೆಟ್ಟಿಗೆ ಇಳಿಸಲು ಹೋದರೆ ಇಳಿಜಾರಿನಲ್ಲಿ ಅದು ಕಾಲ ಕಡೆಗೆ ಜಾರತೊಡಗಿತು. ತಲೆಯ ಕಡೆ ಹಗ್ಗ ಹಿಡಿದಿದ್ದ ಇಬ್ಬರೂ ಮುಗ್ಗರಿಸಿದರು. ಫಕೀರಪ್ಪ ಬಾಯಿಗೆ ಬಂದಂತೆ ಬೈದ. ಮೈಲಾರಪ್ಪ ಮುನ್ನುಗ್ಗಿ ಒಂದು ಹಗ್ಗ ಹಿಡಿದ. ಇನ್ನೊಂದಕ್ಕೆ ಬೇರೆ ಯಾರೂ ಹತ್ತಿರವಿರಲಿಲ್ಲ. ಪಾದ್ರಿಗಳು ಪುಸ್ತಕವನ್ನು ಮಣ್ಣಿನ ಗುಡ್ಡೆಯ ಮೇಲಿಟ್ಟು ಆ ಹಗ್ಗ ಹಿಡಿದರು.

"ಬಿಡಬ್ಯಾಡ್ರಿ!" ಕುಣಿಯ ಒಳಗಿನಿಂದ ಮಕ್ತುಮಸಾಬ ಕೂಗಿದ. "ಕಾಲ ಬುಡಕ ಕಲ್ಲು ಕೊಡ್ತೇನಿ. ಹಿಂಗಽ ಹಿಡೀರಿ."

"ಓದೂದು ಹೆಂಗ?" ಎಂದರು ಪಾದ್ರಿಗಳು, ಎರಡೂ ಕೈಗೆ ಹಗ್ಗ ಸುತ್ತಿಕೊಂಡು.

"ಬಾಯಿಪಾಠ ಬರೂದಿಲ್ಲೇನ್ರಿ ಇಷ್ಟು ವರ್ಷ ಓದಿ?" ಎಂದ ಮೈಲಾರಪ್ಪ.

ಬರುತ್ತಿತ್ತು. ಪಾದ್ರಿಗಳು ಕಾಲೂರಿ, ಹಿಂದಕ್ಕೆ ಬಾಗಿ, ಏದುಸಿರಿನಲ್ಲಿ ಶುರುಮಾಡಿದರು. ಹನಿ ಬೀಳತೊಡಗಿತು. 'ನಿನ್ನ ರಾಜ್ಯ ಬರಲಿ' ಎನ್ನುವಲ್ಲಿಗೆ ಬಂದಾಗ ಹಗ್ಗ ಒಂದು ಗೇಣು ಜಗ್ಗಿತು, ಮಾತು ನಿಂತಿತು.

"ಹೂಂ, ಮುಂದ ಅನ್ರಿ," ಎಂದ ಮೈಲಾರಪ್ಪ ಹಲ್ಲು ಕಚ್ಚಿ ಎಳೆಯುತ್ತ. "ಲಗೂ ಅನ್ರಿ, ಕೈ ಸೋಲಾಕತ್ತಾವು."

"ನೀವೂ ಅನ್ರಿ ನನ್ನ ಸಂಗಾಟ, ದಮ್ಮು ಸಾಲವಲ್ದು."

"ನನಗೆಲ್ಲಿ ಬರತೈತಿ? ನೀವು ಅನ್ರಿ, ನಾ ಹಿಂದಽ ಅಂತೇನಿ."

ಪಾದ್ರಿಗಳು ಒಂದು ಮಾತು ಅಂದರು. ಮೈಲಾರಪ್ಪ ಅದನ್ನೇ ತಪ್ಪು ತಪ್ಪಾಗಿ ಅಂದ. ಕೆಳಗೆ ಮಕ್ತುಮಸಾಬ ಕಲ್ಲು ಬಡಿದು ಕೂಡಿಸುವ ಸದ್ದು. ಹೊಳೆವ್ವ ದಂಡೆಯ ತುದಿಗೆ ಬಂದು ಬಗ್ಗಿ ಪೆಟ್ಟಿಗೆಯ ಓರೆಯನ್ನು ನೋಡಿದಳು.

"ತಲಿ ಇನ್ನೊಂದು ಚೂರು ಮ್ಯಾಲ," ಎಂದಳು.

ಇಬ್ಬರೂ ಎಳೆದರು.